ಗಂಟಲೊಳಗಿನ ಇನ್ನೊಬ್ಬ

ಗಿಟಾರಿನ ದನಿ ಹರಿದರೆ ಯಾರೂ ಮುನಿಸಿಕೊಳ್ಳುವುದಿಲ್ಲ. ಮನುಷ್ಯನ ದನಿ ಹರಿದರೆ ಮಾತ್ರ ಕೇಳುಗರು ಎರಡು ಪಂಗಡವಾಗುತ್ತಾರೆ. 1964ರಲ್ಲಿ ಲಂಡನ್ನಿನ ಕಿಂಕ್ಸ್ ತಂಡದ ಡೇವ್ ಡೇವೀಸ್ ಎಂಬ ಹದಿಹರೆಯದ ಹುಡುಗ ತನ್ನ ಆಂಪ್ಲಿಫೈಯರಿನ ಸ್ಪೀಕರಿನೊಳಗಿದ್ದ ಕಾಗದದ ಕೋನನ್ನು ಬ್ಲೇಡಿನಿಂದ ಸೀಳಿದ. ಸೀಳಿದ ಕಾಗದ ಪಟಪಟನೆ ಅದುರಿತು. ಸ್ವರದ ಅಂಚೆಲ್ಲ ಚಿಂದಿಯಾಗಿ ಹೊರಬಂತು. ಆ ಚಿಂದಿ ದನಿಗೆ ಜಗತ್ತು ಎಷ್ಟು ಒಗ್ಗಿಹೋಯಿತೆಂದರೆ, ಇವತ್ತು ನಮ್ಮ ಮದುವೆ ಆರ್ಕೆಸ್ಟ್ರಾದ ಗಿಟಾರಿಸ್ಟನ ಕಾಲಡಿಯಲ್ಲೂ ಅದನ್ನು ತರುವ ಪೆಡಲ್ ಇರುತ್ತದೆ. ಅದು ಕಿವಿಯ ಮೇಲೆ ಬೀಳುತ್ತಿರುವಾಗಲೇ ಬೀಗರು ನೆಮ್ಮದಿಯಾಗಿ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾರೆ. ಅದೇ ಒರಟುತನ ಹಾಡುಗಾರನ ಗಂಟಲಿನಿಂದ ಹೊರಟಿತು ಅನ್ನಿ, ‘ಇದೂ ಒಂದು ಹಾಡಾ?’ ಎಂಬ ಪ್ರಶ್ನೆ ತಡವಿಲ್ಲದೆ ಏಳುತ್ತದೆ. ಕಾಗದವನ್ನು ಸೀಳಿದರೆ ಸಂಗೀತ, ಗಂಟಲನ್ನು ಸೀಳಿದಂತೆ ಕೇಳಿಸಿದರೆ ಅನಾಚಾರ. ಈ ತಾರತಮ್ಯ ಎಲ್ಲಿಂದ ಬಂತು?

ಈ ಪ್ರಶ್ನೆಯನ್ನು ಮತ್ತೆ ಎಬ್ಬಿಸಿದ್ದು ಸ್ವೀಡನ್ನಿನ ಓಪೆತ್ ತಂಡ. 2024ರ ನವೆಂಬರ್ 22ರಂದು ಅವರ ಹದಿನಾಲ್ಕನೆಯ ಆಲ್ಬಮ್ ‘ದ ಲಾಸ್ಟ್ ವಿಲ್ ಅಂಡ್ ಟೆಸ್ಟಮೆಂಟ್’ ಬಿಡುಗಡೆಯಾಯಿತು. ಅದಕ್ಕೂ ಮೊದಲು, ಆಗಸ್ಟಿನಲ್ಲಿ, ಒಂದು ಹಾಡನ್ನಷ್ಟೇ ಹೊರಬಿಟ್ಟಿದ್ದರು. ಅದರಲ್ಲಿ ಹಾಡುಗಾರ ಮಿಕಾಯೆಲ್ ಓಕರ್‌ಫೆಲ್ಟ್ ಗ್ರೌಲ್ ಮಾಡಿದ್ದರು. ಮೆಟಲ್ ಸಂಗೀತದ ಮಂದಿ ಗ್ರೌಲ್ ಎಂದು ಕರೆಯುವುದು ಎದೆಯಾಳದಿಂದ ಎದ್ದು, ಗಂಟಲನ್ನು ಉಜ್ಜಿಕೊಂಡು ಬರುವ ಆ ಗರ್ಜನೆಯನ್ನು. 2008ರ ‘ವಾಟರ್‌ಶೆಡ್’ ಆದಮೇಲೆ ಓಪೆತ್‌ನ ಯಾವ ಹೊಸ ಆಲ್ಬಮ್‌ನಲ್ಲೂ ಅದು ಕೇಳಿರಲಿಲ್ಲ. ಹದಿನಾರು ವರ್ಷ ಕಾದ ಹಳೆಯ ಅಭಿಮಾನಿಗಳಿಗೆ ಕಳೆದುಹೋದ ನೆಂಟ ಬಾಗಿಲಿಗೆ ಬಂದಷ್ಟು ಸಡಗರ. ಆ ಹದಿನಾರು ವರ್ಷಗಳ ನಡುವೆ ತಂಡಕ್ಕೆ ಒಲಿದಿದ್ದವರಿಗೆ ಇಂಪಾದ ಹಾಡಿನ ನಡುವೆ ಯಾರೋ ಕಲ್ಲು ಎಸೆದ ಹಾಗೆ. ಮೊದಲಿನಿಂದಲೂ ಗ್ರೌಲ್ ಅಂದರೆ ಮೂಗು ಮುರಿಯುವವರಂತೂ ಇದ್ದೇ ಇದ್ದರು: ವಾದ್ಯವೆಲ್ಲ ಚಂದ, ಆ ಬಾಯೊಂದು ಮುಚ್ಚಿದ್ದರೆ ಎಷ್ಟು ಚೆನ್ನ!

ಆ ಬಾಯಿಯ ಚರಿತ್ರೆ ಸ್ವಲ್ಪ ಹೇಳಬೇಕು. 1980ರ ದಶಕದ ನಡುವಿನಲ್ಲಿ ಅಮೆರಿಕದಲ್ಲಿ ಡೆತ್ ಮೆಟಲ್ ಹುಟ್ಟಿತು. ದಶಕ ಮುಗಿಯುವ ಹೊತ್ತಿಗೆ ಸ್ಟಾಕ್‌ಹೋಮ್ ಅದರ ಇನ್ನೊಂದು ತವರಾಗಿತ್ತು. ಓಪೆತ್ ಆ ಊರಿನ ಹುಡುಗರ ತಂಡ. ವಿಲ್ಬರ್ ಸ್ಮಿತ್‌ನ ಕಾದಂಬರಿಯೊಂದರಲ್ಲಿ ಬರುವ ಕಲ್ಪನೆಯ ನಗರದ ಹೆಸರನ್ನು ಸ್ವಲ್ಪ ತಿದ್ದಿ ತಮ್ಮ ತಂಡಕ್ಕೆ ಇಟ್ಟುಕೊಂಡರು. 1995ರಲ್ಲಿ ಮೊದಲ ಆಲ್ಬಮ್ ಬಂತು. ಡೆತ್ ಮೆಟಲ್‌ನ ಗರ್ಜನೆಯನ್ನೂ 1970ರ ದಶಕದ ಪ್ರೊಗ್ರೆಸಿವ್ ರಾಕ್‌ನ ಉದ್ದುದ್ದ ಹಾಡುಗಳನ್ನೂ ಇವರು ಒಂದೇ ಮನೆಯಲ್ಲಿ ಸಂಸಾರ ಮಾಡಿಸಿದರು. 2001ರ ‘ಬ್ಲ್ಯಾಕ್‌ವಾಟರ್ ಪಾರ್ಕ್’ ಬರುವ ಹೊತ್ತಿಗೆ ಆ ಸಂಸಾರ ಹದಕ್ಕೆ ಬಂದಿತ್ತು. ಅದರಲ್ಲಿ ‘ದ ಡ್ರೇಪರಿ ಫಾಲ್ಸ್’ ಎಂಬ ಸುಮಾರು ಹನ್ನೊಂದು ನಿಮಿಷದ ಹಾಡಿದೆ. ಓಕರ್‌ಫೆಲ್ಟ್ ಅಲ್ಲಿ ಮೊದಲು ಮಂಜಿನಂಥ ಮೆತ್ತನೆಯ ದನಿಯಲ್ಲಿ ಹಾಡುತ್ತಾ ಹೋಗುತ್ತಾರೆ. ಹೆಚ್ಚುಕಡಿಮೆ ಅರ್ಧ ದಾರಿಯಲ್ಲಿ ಅದೇ ಗಂಟಲಿನಿಂದ ನೆಲ ಬಿರಿದಂಥ ಸದ್ದು. ಹಾಡನ್ನು ಮೊದಲ ಸಲ ಕೇಳಿದವರು ಕೇಳುವ ಪ್ರಶ್ನೆ ಒಂದೇ: ಈ ಇನ್ನೊಬ್ಬ ಹಾಡುಗಾರ ಯಾರು? ಇನ್ನೊಬ್ಬ ಇಲ್ಲ, ಇವನೇ ಅವನು ಎಂದರೆ ಒಪ್ಪುವುದಕ್ಕೆ ಸ್ವಲ್ಪ ಹೊತ್ತು ಬೇಕು.

2003ರ ‘ಡ್ಯಾಮ್ನೇಶನ್’ನಲ್ಲಿ ಗರ್ಜನೆಯೇ ಇರಲಿಲ್ಲ. ಆಗ ಯಾರೂ ಗಲಾಟೆ ಮಾಡಲಿಲ್ಲ. ಅದರ ಜೊತೆಗೇ ಧ್ವನಿಮುದ್ರಿಸಿದ್ದ ‘ಡೆಲಿವರೆನ್ಸ್’ನಲ್ಲಿ ಬೇಕಾದಷ್ಟು ಗುಡುಗಿತ್ತು. ಗಲಾಟೆಯಾದದ್ದು 2011ರ ‘ಹೆರಿಟೇಜ್’ಗೆ. ಆ ಆಲ್ಬಮ್‌ನಿಂದ ಗ್ರೌಲ್ ಪೂರ್ತಿ ಮಾಯವಾಯಿತು. ಪ್ರವಾಸದ ಮೊದಲ ಕಛೇರಿಗಳಲ್ಲಿ ಗರ್ಜನೆಯಿಲ್ಲದ ಹಾಡುಗಳನ್ನೇ ಆರಿಸಿಕೊಂಡರು. ಆ ಆಲ್ಬಮ್ ಬಂದು ಕೆಲವೇ ತಿಂಗಳಿಗೆ, 2012ರ ಫೆಬ್ರುವರಿಯಲ್ಲಿ, ಓಪೆತ್ ಬೆಂಗಳೂರಿನ ಅರಮನೆ ಮೈದಾನಕ್ಕೂ ಬಂದಿತ್ತು. 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ನುಡಿಸಿಹೋಗಿದ್ದ ಮೈದಾನ ಅದು. ಕರಿ ಟೀಶರ್ಟು ತೊಟ್ಟು ಮೇಖ್ರಿ ವೃತ್ತದ ಕಡೆಯಿಂದ ನಡೆದು ಬಂದ ಹುಡುಗರಿಗೆ ಸಂಗೀತದ ಮೇಲೆ ಅನುಮಾನವೇನೂ ಇರಲಿಲ್ಲ. ಇದ್ದ ಅನುಮಾನ ಗಂಟಲಿನ ಮೇಲೆ: ಇವತ್ತು ಗುಡುಗುತ್ತಾನೋ ಇಲ್ಲವೋ. ಮುಂದಿನ ವರ್ಷಗಳಲ್ಲಿ ಹಳೆಯ ಹಾಡುಗಳ ಗರ್ಜನೆ ವೇದಿಕೆಯ ಮೇಲೆ ಕೇಳುತ್ತಲೇ ಇತ್ತು. ಹೊಸ ಆಲ್ಬಮ್‌ಗಳಲ್ಲಿ ಮಾತ್ರ ಮೌನ. ಗಂಟಲಿಗೆ ಶಕ್ತಿ ಇದ್ದೂ ಬೇಡವೆಂದು ಇಟ್ಟುಕೊಂಡ ಮೌನ ಅದು. ಆದ್ದರಿಂದಲೇ ಜನಕ್ಕೆ ಅಷ್ಟು ನಾಟಿತು.

ಒಬ್ಬ ಮನುಷ್ಯನ ಕತ್ತಿನೊಳಗೆ ಈ ಎರಡು ದನಿಗಳು ಎಲ್ಲಿ ಇರುತ್ತವೆ? ಇದನ್ನು ಕಣ್ಣಾರೆ ಕಾಣುವ ದಾರಿಯನ್ನು ತೋರಿಸಿಕೊಟ್ಟವನು ವೈದ್ಯನಲ್ಲ, ಸಂಗೀತದ ಮೇಷ್ಟರು. ಮಾನ್ವೆಲ್ ಗಾರ್ಸಿಯಾ ಎಂಬ ಸ್ಪೇನ್ ಮೂಲದ ಗಾಯನಗುರು 1854ರಲ್ಲಿ ಪ್ಯಾರಿಸಿನಲ್ಲಿದ್ದಾಗ, ಬಿಸಿಲು ಕಿಟಕಿಯ ಗಾಜಿನ ಮೇಲೆ ಬಿದ್ದು ಮಿಂಚಿದ್ದನ್ನು ಕಂಡನಂತೆ. ಹಲ್ಲಿನ ವೈದ್ಯರು ಬಳಸುವ ಉದ್ದ ಹಿಡಿಯ ಪುಟ್ಟ ಕನ್ನಡಿಯೊಂದನ್ನು ಕೊಂಡು ತಂದ. ಅದನ್ನು ಬಿಸಿ ಮಾಡಿ ಗಂಟಲಿನ ಹಿಂಭಾಗಕ್ಕೆ ಹಿಡಿದ. ಇನ್ನೊಂದು ಕೈಯ ಕನ್ನಡಿಯಿಂದ ಬಿಸಿಲನ್ನು ಬಾಯೊಳಗೆ ಹಾಯಿಸಿದ. ಸಾವಿರಾರು ವರ್ಷಗಳಿಂದ ಮನುಷ್ಯರು ಹಾಡುತ್ತ ಬಂದಿದ್ದರು. ತಾನು ಹಾಡುವಾಗ ಹಾಡು ಹುಟ್ಟುವ ಜಾಗವನ್ನು ನೋಡಿಕೊಂಡವರು ಇರಲಿಲ್ಲವೆಂದೇ ಹೇಳಬೇಕು. ಗಾರ್ಸಿಯಾ ನೋಡಿದ. ಮರುವರ್ಷ ಲಂಡನ್ನಿನ ರಾಯಲ್ ಸೊಸೈಟಿಗೆ ಅದನ್ನು ವರದಿ ಮಾಡಿದ. ನೂರೊಂದು ವರ್ಷ ಬದುಕಿ 1906ರಲ್ಲಿ ತೀರಿಕೊಂಡ. ಗಂಟಲು ಪರೀಕ್ಷಿಸುವ ವೈದ್ಯಶಾಖೆಯೇ ಆ ಹಾಡಿನ ಮೇಷ್ಟರ ಕನ್ನಡಿಯ ಹಿಂದೆ ಬೆಳೆಯಿತು.

ಆ ಕನ್ನಡಿಯಲ್ಲಿ ಕಾಣುವುದು ಎರಡು ಬೆಳ್ಳನೆಯ ಮಡಿಕೆಗಳು. ನಾವು ಧ್ವನಿತಂತು ಎನ್ನುವುದು ಇವನ್ನೇ. ತಂತಿಯಂತೇನೂ ಇಲ್ಲ, ಒದ್ದೆಯಾದ ಎರಡು ಅಂಚುಗಳು, ಅಷ್ಟೆ. ವಯಸ್ಕ ಗಂಡಸಿನಲ್ಲಿ ಉದ್ದ ಹೆಚ್ಚುಕಡಿಮೆ ಎರಡು ಸೆಂಟಿಮೀಟರ್, ಹೆಂಗಸರಲ್ಲಿ ಇನ್ನೂ ಕಡಿಮೆ. ಗಂಡಸು ಸುಮ್ಮನೆ ಮಾತಾಡುವಾಗ ಅವು ಸೆಕೆಂಡಿಗೆ ನೂರು ಚಿಲ್ಲರೆ ಸಲ ಮುಚ್ಚಿ ತೆರೆಯುತ್ತವೆ. ಹೆಂಗಸರಲ್ಲಿ ಇನ್ನೂರರ ಆಸುಪಾಸು. ‘ಅಮ್ಮಾ’ ಎಂದು ಒಂದು ಸಲ ಕೂಗುವಷ್ಟರಲ್ಲಿ ಆ ಅಂಚುಗಳು ಎಷ್ಟೋ ಬಾರಿ ಕೂಡಿ ಅಗಲಿರುತ್ತವೆ. ಈ ಜೋಡಿಯ ತುಸು ಮೇಲೆ ಇನ್ನೊಂದು ಜೋಡಿಯಿದೆ. ಅದು ದಪ್ಪ, ಮೆತ್ತಗೆ, ಕೆಂಪು. ಹುಸಿ ಧ್ವನಿತಂತು ಎಂದು ಹೆಸರು. ಮಾತಿಗೂ ಹಾಡಿಗೂ ಅದು ಸಾಮಾನ್ಯವಾಗಿ ತಲೆಹಾಕುವುದಿಲ್ಲ. ತುತ್ತು ನುಂಗುವಾಗ, ಕೆಮ್ಮುವಾಗ, ಮೂಟೆ ಎತ್ತಲು ಉಸಿರು ಬಿಗಿಹಿಡಿದಾಗ ಬಂದು ಬಾಗಿಲು ಹಾಕಿ ಹೋಗುವ ಕಾವಲುಗಾರ ಅದು.

ಗ್ರೌಲ್ ಎಂದರೆ ಈ ಕಾವಲುಗಾರನನ್ನು ಹಾಡಲು ಕೂರಿಸುವುದು. ಹುಸಿ ತಂತುಗಳನ್ನೂ ಅವುಗಳ ಸುತ್ತಲಿನ ಮೆತ್ತನೆಯ ಮಾಂಸವನ್ನೂ ಉಸಿರಿನ ದಾರಿಗೆ ತಂದು ಅದುರಿಸಿದರೆ ಸ್ವರದ ನಯ ಹೋಗಿ ಒರಟು ಬರುತ್ತದೆ. ಮಂಗೋಲಿಯಾದ ಪಕ್ಕದ ತುವಾ ಸೀಮೆಯ ಕುರಿಗಾಹಿಗಳು ಇದನ್ನು ಮೆಟಲ್ ಹುಟ್ಟುವ ಎಷ್ಟೋ ಮೊದಲೇ ಬಲ್ಲವರು. ಅವರ ಕರ್ಗಿರಾ ಎಂಬ ಹಾಡುವ ಬಗೆಯಲ್ಲಿ ಹುಸಿ ತಂತು ನಿಜ ತಂತುವಿನ ಅರ್ಧ ವೇಗದಲ್ಲಿ ಅದುರುತ್ತದೆ. ಹಾಗಾಗಿ ಹಾಡುತ್ತಿರುವವನ ಸ್ವರಕ್ಕಿಂತ ಒಂದು ಸ್ಥಾಯಿ ಕೆಳಗೆ ಮತ್ತೊಬ್ಬ ಹಾಡಿದಂತೆ ಕೇಳುತ್ತದೆ. ಇಟಲಿಯ ಸಾರ್ಡೀನಿಯಾ ದ್ವೀಪದ ಹಳ್ಳಿಗರ ನಾಲ್ವರ ಮೇಳದಲ್ಲೂ ಅತ್ಯಂತ ಕೆಳಗಿನ ಸ್ವರ ಹಿಡಿಯುವವನು ಇದೇ ಜಾಡಿನವನು. ಒಂದಕ್ಕೊಂದು ಸಂಬಂಧವಿಲ್ಲದ ಊರುಗಳಲ್ಲಿ, ಕಾಲಗಳಲ್ಲಿ ಮನುಷ್ಯರು ತಮ್ಮ ಕತ್ತಿನೊಳಗೆ ತಡಕಾಡಿ ಈ ಎರಡನೆಯ ಬಾಗಿಲನ್ನು ಕಂಡುಕೊಂಡಿದ್ದಾರೆ. ಊಟ ಅಡ್ಡದಾರಿ ಹಿಡಿಯದಿರಲೆಂದು ದೇಹ ಇಟ್ಟುಕೊಂಡ ಒಂದು ಅಗುಳಿ ಹಾಡಾಗುತ್ತದೆ ಎನ್ನುವುದಕ್ಕಿಂತ ದೊಡ್ಡ ಅಚ್ಚರಿಯನ್ನು ನಾನು ಸಂಗೀತದ ಚರಿತ್ರೆಯಲ್ಲಿ ಹೆಚ್ಚು ಕಂಡಿಲ್ಲ.

ಹೊರಗಿನಿಂದ ಕೇಳುವವರಿಗೆ ಇದು ರೋಷ. ಗಂಟಲು ಹರಿದುಕೊಂಡು ಅರಚುತ್ತಿದ್ದಾನೆ, ನಾಳೆ ಇವನಿಗೆ ಮಾತೇ ಹೊರಡದು ಎಂದು ಮರುಗುತ್ತೇವೆ. ನಿಜವಾಗಿ ಗಂಟಲು ಹರಿದುಕೊಂಡವರು ಈ ಕೆಲಸದಲ್ಲಿ ಉಳಿಯುವುದಿಲ್ಲ. ಕಲಿತವರ ಗುಟ್ಟು ಹೊಟ್ಟೆಯಿಂದ ಬರುವ ಉಸಿರಿನಲ್ಲಿದೆ, ಗಂಟಲನ್ನು ಬಿಗಿಯದೆ ಇರುವುದರಲ್ಲಿದೆ. ಎದುರು ನಿಂತು ಮೈಕಿಲ್ಲದೆ ಕೇಳಿದರೆ ಎಷ್ಟೋ ಜನರ ಗ್ರೌಲ್ ನಾವಂದುಕೊಂಡಷ್ಟು ಜೋರಾಗಿಯೂ ಇರುವುದಿಲ್ಲ. ತುಟಿಗಂಟಿದ ಮೈಕು ಅದನ್ನು ಗುಡುಗಾಗಿಸುತ್ತದೆ. 1974ರಲ್ಲಿ ಹುಟ್ಟಿದ ಓಕರ್‌ಫೆಲ್ಟ್‌ಗೆ ಈ ಆಲ್ಬಮ್ ಬಂದಾಗ ಐವತ್ತು ತುಂಬಿತ್ತು. ಐವತ್ತರ ಗಂಟಲು ಇಪ್ಪತ್ತರ ಗುಡುಗನ್ನು ಗುಡುಗುತ್ತಿದೆ ಎಂದರೆ ಅಲ್ಲಿ ಕೋಪಕ್ಕಿಂತ ಸಾಧನೆ ಜಾಸ್ತಿ ಇದೆ. ಅಷ್ಟು ಒರಟು ಸದ್ದಿನ ಒಳಗೆ ಅಷ್ಟು ಹುಷಾರಿ.

ಇದೆಲ್ಲ ಗೊತ್ತಾದ ಮೇಲೂ ಕಿವಿ ಒಪ್ಪುವುದಿಲ್ಲ. ಅದಕ್ಕೆ ಕಾರಣ ಕಿವಿಯ ಆಚೆ ಇರಬೇಕು. ಗಿಟಾರಿನ ತಂತಿ ನಮ್ಮ ಮೈಯಲ್ಲಿಲ್ಲ, ಗಂಟಲು ಇದೆ. ಭಾಷಣಕಾರನ ದನಿ ಕಟ್ಟಿಕೊಂಡಿದ್ದರೆ ಸಭೆಯಲ್ಲಿ ಕೂತ ನಾವು ನಮ್ಮ ಗಂಟಲನ್ನು ಸರಿಮಾಡಿಕೊಳ್ಳುತ್ತೇವೆ. ಯಾರೋ ಬಿಕ್ಕಿದರೆ ನಮ್ಮ ಕೊರಳು ಉಬ್ಬುತ್ತದೆ. ದನಿಯೊಂದನ್ನು ಕೇಳುವುದೆಂದರೆ ಸ್ವಲ್ಪಮಟ್ಟಿಗೆ ಅದನ್ನು ನಮ್ಮೊಳಗೇ ಉಚ್ಚರಿಸಿಕೊಳ್ಳುವುದು. ಆದ್ದರಿಂದ ಓಕರ್‌ಫೆಲ್ಟ್ ಗರ್ಜಿಸಿದಾಗ ನಮಗೆ ತಿಳಿಯದೆಯೇ ನಮ್ಮ ಗಂಟಲಿಗೂ ಗರ್ಜಿಸೆಂದು ಅಪ್ಪಣೆಯಾಗುತ್ತದೆ. ಕೆಲವರಿಗೆ ಅದು ಬಿಡುಗಡೆ, ಕೆಲವರಿಗೆ ಅತಿಕ್ರಮಣ. ಎರಡು ಪಂಗಡದವರೂ ಒಂದೇ ಅನುಭವಕ್ಕೆ ಉತ್ತರ ಕೊಡುತ್ತಿದ್ದಾರೆ ಅನ್ನಿಸುತ್ತದೆ.

ಇನ್ನೊಂದು ಕಾರಣವೂ ಇದೆ. ಕದ ತಟ್ಟಿದ ಸದ್ದಾದಾಗ ಒಳಗಿನಿಂದ ‘ಯಾರದು?’ ಎನ್ನುತ್ತೇವೆ. ಹೊರಗಿನಿಂದ ‘ನಾನು’ ಎಂದು ಉತ್ತರ ಬರುತ್ತದೆ. ಜಗತ್ತಿನ ಪ್ರತಿಯೊಬ್ಬನೂ ಹೇಳಬಹುದಾದ ಮಾತು ಅದು. ಆದರೂ ನಮಗೆ ಸಾಕು, ಹೋಗಿ ಚಿಲಕ ತೆಗೆಯುತ್ತೇವೆ. ಮಾತು ಏನನ್ನೂ ತಿಳಿಸಲಿಲ್ಲ, ದನಿ ಎಲ್ಲವನ್ನೂ ತಿಳಿಸಿತು. ಈ ಗುರುತು ಹುಟ್ಟಿನಷ್ಟೇ ಹಳೆಯದು. 1980ರಲ್ಲಿ ಅಮೆರಿಕದ ಸಂಶೋಧಕರಿಬ್ಬರು ಹುಟ್ಟಿ ಮೂರು ದಿನವೂ ಆಗಿರದ ಕೂಸುಗಳ ಬಾಯಿಗೆ ರಬ್ಬರ್ ತೊಟ್ಟು ಕೊಟ್ಟು, ಚೀಪುವ ಲಯಕ್ಕೆ ತಕ್ಕಂತೆ ತಾಯಿಯ ದನಿಯೋ ಬೇರೆ ಹೆಂಗಸಿನ ದನಿಯೋ ಕೇಳುವಂತೆ ಮಾಡಿದರು. ಕೂಸುಗಳು ತಾಯಿಯ ದನಿ ಬರುವಂತೆ ಚೀಪುವುದನ್ನು ಬದಲಿಸಿಕೊಂಡವು. ಮುಖವನ್ನು ಸರಿಯಾಗಿ ಕಾಣಲಾರದ ಜೀವಕ್ಕೆ ದನಿಯ ಪರಿಚಯವಾಗಿಬಿಟ್ಟಿತ್ತು. ಅಂಥ ನಂಟಿನ ಮೇಲೆ ಗ್ರೌಲ್ ಕೈಹಾಕುತ್ತದೆ. ಅದರಲ್ಲಿ ವಯಸ್ಸು ತಿಳಿಯದು, ಊರು ತಿಳಿಯದು, ಎಷ್ಟೋ ಸಲ ಗಂಡೋ ಹೆಣ್ಣೋ ಅದೂ ತಿಳಿಯದು. ‘ಯಾರದು?’ ಎಂದಾಗ ‘ನಾನು’ ಎನ್ನದ ದನಿ ಅದು. ಅಂಥ ದನಿಗೆ ಚಿಲಕ ತೆಗೆಯಲು ಎಲ್ಲರಿಗೂ ಧೈರ್ಯ ಬರಬೇಕೆಂದು ನಾವು ಹೇಗೆ ಹೇಳುವುದು?

ಹಾಗೆಂದು ನಮಗೆ ಇಂಥ ದನಿ ಅಪರಿಚಿತವೇನೂ ಅಲ್ಲ. ಕರಾವಳಿಯಲ್ಲಿ ರಾತ್ರಿಯಿಡೀ ಯಕ್ಷಗಾನ ನೋಡಿದವರಿಗೆ ಬಣ್ಣದ ವೇಷದ ಆರ್ಭಟ ಗೊತ್ತು. ಚೆಂಡೆ ಏರುತ್ತದೆ, ತೆರೆ ಹಿಡಿದಿರುತ್ತಾರೆ, ಅದರ ಹಿಂದಿನಿಂದ ರಕ್ಕಸನ ಕೂಗು ಮೊದಲು ಬರುತ್ತದೆ, ಮುಖ ಆಮೇಲೆ. ಆ ಮುಖದ ತುಂಬ ಅಕ್ಕಿಹಿಟ್ಟಿನ ಚಿಟ್ಟಿ, ಕೆಂಪು ಕಪ್ಪು ಬಣ್ಣ. ಮುಂದಿನ ಸಾಲಿನ ಮಕ್ಕಳು ಬೆದರಿ ಅಮ್ಮನ ಸೆರಗು ಹಿಡಿಯುತ್ತಾರೆ, ದೊಡ್ಡವರು ಖುಷಿಪಡುತ್ತಾರೆ. ‘ಇದೇನು ಅರಚಾಟ, ಭಾಗವತರ ಹಾಡು ಸಾಕು’ ಎಂದು ಎದ್ದುಹೋದವರನ್ನು ನಾನು ಕಂಡಿಲ್ಲ. ಅಲ್ಲಿ ಆ ದನಿಗೆ ತೆರೆಯಿದೆ, ಬಣ್ಣವಿದೆ, ಕಿರೀಟವಿದೆ. ಕೂಗಿದ್ದು ರಕ್ಕಸ; ಚೌಕಿಗೆ ಹೋಗಿ ಬಣ್ಣ ತೊಳೆದುಕೊಂಡವರು ನಮ್ಮ ಪಕ್ಕದೂರಿನವರು. ಇಬ್ಬರ ನಡುವೆ ಗಡಿ ಹಾಕಿ ಕೊಟ್ಟಿದ್ದಾರೆ.

ಓಪೆತ್‌ನ ವೇದಿಕೆಯಲ್ಲಿ ಈ ಗಡಿ ಇಲ್ಲ. ಉದ್ದ ಕೂದಲಿನ, ಸಾದಾ ಬಟ್ಟೆಯ ಒಬ್ಬ ಮನುಷ್ಯ ಗಿಟಾರು ಹಿಡಿದು ನಿಂತಿರುತ್ತಾನೆ. ಹಾಡಿನ ನಡುವೆ ರಕ್ಕಸ ಬಂದುಹೋಗುತ್ತಾನೆ. ಹಾಡು ಮುಗಿದೊಡನೆ ಅದೇ ಬಾಯಿ ಮೆಲುದನಿಯಲ್ಲಿ ಒಣ ಹಾಸ್ಯ ಮಾಡಿ ಜನರನ್ನು ನಗಿಸುತ್ತದೆ. ಓಕರ್‌ಫೆಲ್ಟ್ ಈ ಹರಟೆಗೂ ಹೆಸರಾದವರು. ತೆರೆಯೂ ಇಲ್ಲ, ಬಣ್ಣವೂ ಇಲ್ಲ. ಯಾವುದು ವೇಷ, ಯಾವುದು ಮನುಷ್ಯ ಎಂದು ತೀರ್ಮಾನಿಸುವ ಹೊರೆ ಕೇಳುವವನ ತಲೆಯ ಮೇಲೆ. ಭಯಕ್ಕಿಂತ ಹೆಚ್ಚು ಕಾಡುವುದು ಇದೇ ಇರಬಹುದು: ಇಷ್ಟು ಸಭ್ಯ ಮುಖದ ಹಿಂದೆ ಆ ದನಿಗೆ ಜಾಗವಿದ್ದರೆ ನನ್ನ ಮುಖದ ಹಿಂದೆ?

2024ರ ಆಲ್ಬಮ್‌ನಲ್ಲಿ ಆಗಿರುವ ವಿಶೇಷವೆಂದರೆ, ಈ ಸಲ ಗರ್ಜನೆಗೆ ಒಂದು ಕಥೆಯ ಆವರಣ ಸಿಕ್ಕಿದೆ. ಮೊದಲ ಮಹಾಯುದ್ಧ ಮುಗಿದ ಕಾಲ. ಶ್ರೀಮಂತ ಮನೆತನದ ಹಿರಿಯ, ಸಂಪ್ರದಾಯದ ಬಿಗಿ ಮನುಷ್ಯ, ತೀರಿಕೊಂಡಿದ್ದಾನೆ. ದೊಡ್ಡ ಬಂಗಲೆಯಲ್ಲಿ ಅವನ ಮರಣಶಾಸನ ಓದುತ್ತಿದ್ದಾರೆ. ಕೇಳಲು ಅವನ ಅವಳಿ ಮಕ್ಕಳು ಕೂತಿದ್ದಾರೆ. ಜೊತೆಗೆ ಆ ಮನೆಯಲ್ಲಿ ಬೆಳೆದ, ಪೋಲಿಯೊದಿಂದ ಕಾಲು ಸೋತ ಒಬ್ಬ ಅನಾಥ ಹುಡುಗಿ. ಇವಳಿಗೇನು ಕೆಲಸ ಇಲ್ಲಿ ಎಂದು ಅವಳಿಗಳಿಗೆ ಅನುಮಾನ. ಆಸ್ತಿಪತ್ರ ಓದುವ ಹೊತ್ತಿನಲ್ಲಿ ಅಂಥ ನೋಟಗಳು ಹೇಗಿರುತ್ತವೆಂದು ಹೇಳಿಕೊಡಬೇಕಾದ ದೇಶ ನಮ್ಮದಲ್ಲ. ಮೊದಲ ಏಳು ಹಾಡುಗಳಿಗೆ ಹೆಸರಿಲ್ಲ. ಕಾನೂನು ಪತ್ರದ ಕಲಂಗಳಂತೆ ಒಂದರಿಂದ ಏಳರವರೆಗೆ ಸಂಖ್ಯೆ ಇದೆ. ಸತ್ತವನು ಕಲಂ ಕಲಮಾಗಿ ಬಾಯಿಬಿಡುತ್ತಾನೆ, ಮನೆತನದ ಗುಟ್ಟುಗಳು ಹೊರಬೀಳುತ್ತವೆ.

ಸತ್ತವನಿಗೆ ಯಾವ ದನಿ ಕೊಡಬೇಕು? ಉಯಿಲು ಎಂದರೆ ಗಂಟಲು ಇಲ್ಲದವನ ಮಾತು. ಅವನ ‘ನಾನು’ ಬೇರೆ ಯಾರದ್ದಾದರೂ ಬಾಯಲ್ಲಿ ಬರಬೇಕು. ಇಲ್ಲಿ ಆ ಮಾತು ಒಮ್ಮೆ ಗರ್ಜನೆಯಾಗಿ, ಒಮ್ಮೆ ಓಕರ್‌ಫೆಲ್ಟ್‌ನ ನಯವಾದ ಹಾಡಾಗಿ, ಮತ್ತೊಮ್ಮೆ ಅತಿಥಿಯೊಬ್ಬರ ಓದಾಗಿ ಬರುತ್ತದೆ. ಆ ಅತಿಥಿ ಜೆತ್ರೊ ಟಲ್ ತಂಡದ ಇಯಾನ್ ಆಂಡರ್ಸನ್, 1947ರಲ್ಲಿ ಹುಟ್ಟಿದವರು. ಒಂಟಿ ಕಾಲಿನಲ್ಲಿ ನಿಂತು ಕೊಳಲು ನುಡಿಸುವ ಭಂಗಿಗೆ ಲೋಕಪ್ರಸಿದ್ಧರು. ಇಲ್ಲಿಯೂ ಅವರ ಕೊಳಲಿದೆ. 1984ರ ಪ್ರವಾಸದಲ್ಲಿ ಅವರ ಗಂಟಲಿಗೆ ಬಿದ್ದ ಪೆಟ್ಟು ಪೂರ್ತಿ ವಾಸಿಯಾಗಲೇ ಇಲ್ಲ. ಹಳೆಯ ಎತ್ತರದ ಸ್ವರಗಳು ಆಮೇಲೆ ಅವರಿಗೆ ಎಟುಕಲಿಲ್ಲ. ಈ ಆಲ್ಬಮ್‌ನಲ್ಲಿ ಅವರು ಹಾಡುವುದಿಲ್ಲ, ಇಂಗ್ಲೆಂಡಿನ ಹಳೆಯ ಮನೆಯ ಯಜಮಾನನಂತೆ ಗಂಭೀರವಾಗಿ ಓದುತ್ತಾರೆ. ಇದರಲ್ಲೊಂದು ವಿನೋದವೂ ಸೇರಿದೆ. 1989ರಲ್ಲಿ ಗ್ರ್ಯಾಮಿಯವರು ಮೊದಲ ಬಾರಿಗೆ ಹಾರ್ಡ್ ರಾಕ್ ಮತ್ತು ಮೆಟಲ್‌ಗೆ ಪ್ರಶಸ್ತಿ ಇಟ್ಟಾಗ ಅದು ಮೆಟಾಲಿಕಾಗೆ ಸಿಗದೆ ಜೆತ್ರೊ ಟಲ್‌ಗೆ ಹೋಗಿ ದೊಡ್ಡ ನಗೆಪಾಟಲಾಗಿತ್ತು. ಮೆಟಲ್‌ನವರು ಯಾರನ್ನು ‘ನಮ್ಮವನಲ್ಲ’ ಎಂದು ಹೊರಹಾಕಿದ್ದರೋ ಅವರೇ ಮೂವತ್ತೈದು ವರ್ಷದ ಮೇಲೆ ಮೆಟಲ್ ಆಲ್ಬಮ್‌ನ ಮನೆಯೊಳಗೆ ಕೂತು ಉಯಿಲು ಓದುತ್ತಿದ್ದಾರೆ.

ಒಂದನೆಯ ಕಲಮಿನಲ್ಲಿ ಪಿಸುದನಿಯೊಂದು ಕೇಳುತ್ತದೆ. ಅದು ಓಕರ್‌ಫೆಲ್ಟ್‌ನ ಮಗಳದ್ದು. ಎರಡನೆಯದರಲ್ಲಿ ‘ದ ಫೈನಲ್ ಕೌಂಟ್‌ಡೌನ್’ ಖ್ಯಾತಿಯ ಜೋಯಿ ಟೆಂಪೆಸ್ಟ್‌ನ ದನಿಯೂ ಬಂದು ಸೇರುತ್ತದೆ. ಒಂದು ಗಂಟೆಗೂ ಕಡಿಮೆಯ ಆಲ್ಬಮ್‌ನಲ್ಲಿ ಮಗಳ ಪಿಸುಮಾತು, ಮುದುಕನ ಓದು, ರಾಕ್ ತಾರೆಯ ಕಂಠ, ತಂದೆಯ ಎರಡು ದನಿಗಳು. ಇಷ್ಟು ಗಂಟಲುಗಳ ನಡುವೆ ಕೇಳಿದಾಗ ಗರ್ಜನೆಯೂ ಆ ಮನೆಯ ಒಬ್ಬ ಸದಸ್ಯನಾಗಿಬಿಡುತ್ತದೆ. ಬಣ್ಣ ಬಳಿದುಕೊಳ್ಳದ ತಂಡ ಕಥೆಯ ರೂಪದಲ್ಲಿ ಕೊನೆಗೊಂದು ತೆರೆ ಹಿಡಿಯಿತು ಎನ್ನಬಹುದು. ಹಳೆಯ ಅಭಿಮಾನಿಗಳಲ್ಲಿ ಕೆಲವರ ತಕರಾರು ಇಲ್ಲಿಯೇ ಇದೆ: ಮೊದಲೆಲ್ಲ ಗ್ರೌಲ್ ಮೈಮೇಲೆ ಬರುತ್ತಿತ್ತು, ಈಗ ಪಾತ್ರ ವಹಿಸುತ್ತಿದೆ. ತಳ್ಳಿಹಾಕುವಂಥ ಮಾತಲ್ಲ ಇದು.

ಗ್ರೌಲ್ ಒಲ್ಲದವರ ಆಕ್ಷೇಪವೂ ಹಗುರವಾದದ್ದಲ್ಲ. ಮರಣಶಾಸನದಲ್ಲಿ ಒಂದೊಂದು ಪದಕ್ಕೂ ಬೆಲೆ. ಒಂದು ಅಕ್ಷರ ಅತ್ತಿತ್ತ ಆದರೆ ಮೂರು ತಲೆಮಾರು ಕೋರ್ಟು ಅಲೆಯಬೇಕು. ಅಂಥ ಪತ್ರವನ್ನು ಅಕ್ಷರಗಳನ್ನೆಲ್ಲ ಜಗಿದು ನುಂಗುವ ದನಿಯಲ್ಲಿ ಓದಿಸುವುದು ಎಂಥ ನ್ಯಾಯ? ನಿಜವೇ. ಸಾಹಿತ್ಯವನ್ನು ಮುಂದಿಟ್ಟುಕೊಳ್ಳದೆ ಕೇಳಿದರೆ ಅರ್ಧ ಕಥೆ ಕೈಜಾರುತ್ತದೆ. ಆದರೆ ಉಯಿಲನ್ನು ಕೇಳುತ್ತ ಕೂತ ಆ ಮಕ್ಕಳನ್ನು ನೆನೆಸಿಕೊಳ್ಳಿ. ಅಪ್ಪ ತಮ್ಮ ಅಪ್ಪನಲ್ಲ ಎಂದು ತಿಳಿಯುವ ಗಳಿಗೆಯಲ್ಲಿ ಯಾರ ಕಿವಿಗೆ ಪದಗಳು ಬೀಳುತ್ತವೆ? ಎದೆಗೆ ಬಡಿದ ಸದ್ದು ಮೊದಲು, ಪದದ ಅರ್ಥ ಎಷ್ಟೋ ಹೊತ್ತಿನ ಮೇಲೆ. ಆ ಮೊದಲ ಗಳಿಗೆಗೆ ಗರ್ಜನೆಗಿಂತ ನಿಖರವಾದ ಉಚ್ಚಾರಣೆ ನನಗೆ ಹೊಳೆಯುವುದಿಲ್ಲ.

ಎಂಟನೆಯ ಹಾಡಿಗೆ ಕಲಮಿನ ಸಂಖ್ಯೆಯಿಲ್ಲ, ‘ಎ ಸ್ಟೋರಿ ನೆವರ್ ಟೋಲ್ಡ್’ ಎಂಬ ಹೆಸರಿದೆ. ಉಯಿಲು ಮುಗಿದಿದೆ. ಅವಳಿಗಳು ತನ್ನ ರಕ್ತವಲ್ಲವೆಂದು ಸತ್ತವನು ಸಾರಿ ಆಗಿದೆ. ತನ್ನ ರಕ್ತವೆಂದು ನಂಬಿದ್ದ ಆ ಹುಡುಗಿಗೆ ಎಲ್ಲವನ್ನೂ ಬರೆದಿಟ್ಟಿದ್ದಾನೆ. ಆಮೇಲೆ ಒಂದು ದಿನ ಅವಳಿಗೆ ತಾಯಿಯ ಕಾಗದ ಬರುತ್ತದೆ. ನೀನೂ ಅವನ ಮಗಳಲ್ಲ. ಏಳು ಕಲಮುಗಳುದ್ದಕ್ಕೂ ಗುಡುಗಿದ ವಂಶದ ಗರ್ವ ಒಂದು ಪತ್ರಕ್ಕೆ ಕುಸಿಯುತ್ತದೆ. ಈ ಹಾಡಿನಲ್ಲಿ ಗರ್ಜನೆಯಿಲ್ಲ. ಇಡೀ ಆಲ್ಬಮ್‌ನಲ್ಲಿ ಇದರಷ್ಟು ಇಂಪು ಬೇರೆಲ್ಲಿಯೂ ಇಲ್ಲ. ಗ್ರೌಲ್ ಕಂಡರಾಗದವರೂ ಇದನ್ನು ಮನೆಮಂದಿಯ ನಡುವೆ ಹಾಕಿಕೊಂಡು ಕೇಳಬಹುದು. ಎಲ್ಲಕ್ಕಿಂತ ಕ್ರೂರವಾದ ಸುದ್ದಿ ಇರುವುದೂ ಇಲ್ಲಿಯೇ. ಗುಡುಗಿದವನಿಗೆ ಸತ್ಯ ಗೊತ್ತಿರಲಿಲ್ಲ. ಗೊತ್ತಿದ್ದ ತಾಯಿ ಅವನು ಬದುಕಿರುವವರೆಗೆ ಬಾಯಿಬಿಡಲಿಲ್ಲ. ಇಂಪಿನಲ್ಲಿ ಪ್ರಾಮಾಣಿಕತೆ, ಒರಟಿನಲ್ಲಿ ಕೇಡು ಎಂದು ನಾವು ಗಂಟಲಿಗೆ ಹಚ್ಚಿಟ್ಟ ಚೀಟಿಗಳು ಇಲ್ಲಿ ಕಳಚಿ ಬೀಳುತ್ತವೆ.

ಓಪೆತ್‌ನ ಅಭಿಮಾನಿಗಳು ಇಷ್ಟು ವರ್ಷ ಜಗಳವಾಡಿದ್ದು ಒಂದೇ ಪ್ರಶ್ನೆಯ ಮೇಲೆ: ಓಕರ್‌ಫೆಲ್ಟ್‌ನ ನಿಜವಾದ ದನಿ ಯಾವುದು? ಗುಡುಗುವವನೇ ಅಸಲಿ, ಹಾಡುವವನು ರಾಜಿಯಾದವನು ಎಂದು ಕೆಲವರು. ಹಾಡುವವನೇ ಅಸಲಿ, ಗುಡುಗು ಹರೆಯದ ಹುಡುಗಾಟ ಎಂದು ಕೆಲವರು. ಗಾರ್ಸಿಯಾನ ಕನ್ನಡಿ ಎರಡಕ್ಕೂ ಸಾಕ್ಷಿ ಹೇಳುವುದಿಲ್ಲ. ಅಲ್ಲಿ ಕಾಣುವುದು ಒಂದರ ಮೇಲೊಂದು ಎರಡು ಜೋಡಿ ಮಡಿಕೆ, ಎರಡಕ್ಕೂ ಕೆಳಗಿನಿಂದ ಬರುವ ಒಂದೇ ಉಸಿರು. ಒಬ್ಬ ಮನುಷ್ಯನಿಗೆ ಒಂದೇ ದನಿ ಎಂಬುದು ಬಾಗಿಲು ತೆಗೆಯುವವರ ಅನುಕೂಲಕ್ಕೆ ನಾವು ಮಾಡಿಕೊಂಡ ಏರ್ಪಾಡು. ಗಂಟಲು ಅದಕ್ಕೆ ಸಹಿ ಹಾಕಿಲ್ಲ. ಈ ವಿಚಾರ ಒಪ್ಪಿದವರಿಗೂ ಗ್ರೌಲ್ ಹಿಡಿಸಬೇಕೆಂದಿಲ್ಲ. ನನಗೇ ಎಲ್ಲ ದಿನವೂ ಹಿಡಿಸುವುದಿಲ್ಲ. ಬೆಳಗಿನ ಕಾಫಿಯ ಹೊತ್ತಿಗೆ ಅದು ಬೇಡ. ಆದರೆ ಬೇಡವೆನ್ನುವುದಕ್ಕೂ ಬೆರಗಾಗುವುದಕ್ಕೂ ಜಗಳವೇನಿಲ್ಲ. ಮುಂದಿನ ಆಲ್ಬಮ್‌ನಲ್ಲಿ ಅವರು ಗುಡುಗಿದರೆ ಒಂದು ಪಂಗಡ ಗೊಣಗುತ್ತದೆ, ಗುಡುಗದಿದ್ದರೆ ಇನ್ನೊಂದು. ಗೊಣಗಲಿ. ಎರಡು ಸೆಂಟಿಮೀಟರ್ ಚರ್ಮಕ್ಕಾಗಿ ಇಷ್ಟು ಜನ ಇಷ್ಟು ವರ್ಷ ತಲೆಕೆಡಿಸಿಕೊಳ್ಳುತ್ತಾರೆಂದರೆ ಅದರ ಬೆಲೆ ಅವರಿಗೆಲ್ಲ ಚೆನ್ನಾಗಿ ಗೊತ್ತಿದೆ ಎಂದೇ ಅರ್ಥ.